ಸಂತೆ ದಿನದ ಗುಳಿಗೆ

ಮುಂಡರಗಿಯ ಬಳೆಗಾರ್ತಿ ಅಮೀನಬಿಯ ಮುಂದೆ ಕೈ ಚಾಚಿದರೆ ಎಂಥ ಗಡಸು ಮುಷ್ಟಿಯೂ ಬೆಣ್ಣೆಯಾಗುತ್ತದೆ. ಬಳೆಯ ವಿಷಯದಲ್ಲಿ ಎಷ್ಟು ಮೆದುವೋ, ತನ್ನ ಕೀಲುವಾತದ ಗುಳಿಗೆಯ ವಿಷಯದಲ್ಲಿ ಅಷ್ಟೇ ಬಿಗಿ. ಅದು ವಾರಕ್ಕೊಮ್ಮೆ, ಸಂತೆಯ ದಿನ ಮಾತ್ರ. ನಡುವೆ ನೋವೆದ್ದಾಗ ನೆರೆಮನೆಯ ಸಾವಿತ್ರೆವ್ವ, "ಇವತ್ತೂ ಒಂದು ನುಂಗಿಬಿಡ" ಎಂದರೆ, "ಸಂತಿ ದಿನಾ ಕೂಡತೈತೇನ? ದಿನಾ ನುಂಗಿದ್ರ ಜೀವಕ್ಕ ಬರತೈತಿ ಅಂದಾರ ಡಾಕ್ಟರು" ಎಂದು ಡಬ್ಬಿ ಮುಚ್ಚುತ್ತಾಳೆ. ಸಾವಿತ್ರೆವ್ವ ತನ್ನ ಮೊಣಕಾಲು ನೋವಿಗೂ ಒಂದು ಕೊಡು ಎಂದರೆ, "ನನ್ನ ಅಳತಿ ಬಳಿ ನಿನ್ನ ಕೈಗೆ ಆಗತೈತೇನವ್ವ?" ಎನ್ನುತ್ತಾಳೆ. ಜ್ವರ ಬಂದರೆ ಡಾಕ್ಟರನ್ನು ಕೇಳದೆ ಗುಳಿಗೆ ಮುಟ್ಟುವುದಿಲ್ಲ. ರಕ್ತ ತಪಾಸಣೆಗೆಂದು ಗದಗಿನ ಹೊಸ ಜಿಲ್ಲಾ ಆಸ್ಪತ್ರೆಯ ದಾರಿ ಹಿಡಿದಳೆಂದರೆ, ಅವಳು ತಿರುಗಿ ಬರುವ ತನಕ ಮದುಮಗಳೂ ಬರಿಗೈಯಲ್ಲೇ ಕಾಯಬೇಕು. ಆದರೆ ಊರಿಗೆಲ್ಲ ಬಳೆ ಇಡಿಸುವ ಈಕೆಯ ಕೈಗಳೇ ಎಷ್ಟೋ ವರ್ಷ ಬರಿದಾಗಿದ್ದವು; ಬಾತುಹೋದ ಗೆಣ್ಣುಗಳನ್ನು ಯಾವ ಬಳೆಯೂ ದಾಟುತ್ತಿರಲಿಲ್ಲ. ಈ ರಂಜಾನ್ ಹಬ್ಬದ ಮುಂಜಾನೆ ಅಮೀನಬಿ ತನ್ನ ಹಳೆಯ ಅಳತೆಯ ಹಸಿರು ಗಾಜಿನ ಬಳೆಗಳನ್ನೇ ಆರಿಸಿ ತಂದು, ಸಾವಿತ್ರೆವ್ವನ ಮುಂದೆ ಕೈ ಚಾಚಿ ಕುಳಿತಳು. "ಇವತ್ತ ನೀ ಇಡಸು" ಎಂದಳು. ಸಾವಿತ್ರೆವ್ವ ಉಸಿರು ಬಿಗಿಹಿಡಿದು ಒಂದೊಂದಾಗಿ ಏರಿಸಿದಳು. ಒಂದೂ ಒಡೆಯಲಿಲ್ಲ.