ದೊಡ್ಡಿಗೆ ಇನ್ನೂ ಮರಳದ ಚುಕ್ಕಿ

ಕೊಹಿನೂರು ಎಂಬ ಊರಿನ ಹೊರಗಿನ ಕುರಿದೊಡ್ಡಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಿಂಡಿಯ ಚೀಲದ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಕಂಬಳಿ ಹೊದ್ದು ಕೂತಿದ್ದಾರೆ ರಾಜೇಶ್ವರಿ. ಆಕಾಶದ ಒಂದೇ ತುಣುಕಿನ ನಾಲ್ಕು ಚಿತ್ರಗಳು ಪರದೆಯ ಮೇಲೆ ಒಂದರ ಹಿಂದೊಂದು ಬಂದು ಹೋಗುತ್ತಿವೆ. ಮಿಕ್ಕ ಚುಕ್ಕಿಗಳೆಲ್ಲ ನಿಂತಲ್ಲೇ ನಿಂತಿರುವಾಗ ಒಂದು ಮಾತ್ರ ತುಸು ಸರಿದರೆ, ಅದು ನಕ್ಷತ್ರವಲ್ಲ. ಮಂಗಳ ಮತ್ತು ಗುರು ಗ್ರಹಗಳ ನಡುವಿನ ಪಟ್ಟಿಯಲ್ಲಿ ಸೂರ್ಯನನ್ನು ಸುತ್ತುವ ಕ್ಷುದ್ರಗ್ರಹ ಇರಬಹುದು.

"ಏ ರಾಜಿ, ಮ್ಯಾಲಿನ ಕುರಿ ನೋಡೂದು ಸಾಕು ಮಾಡು. ಕೆಳಗಿನ್ವು ಒದರಾಕತ್ತಾವ," ಎನ್ನುತ್ತ ತಾಯಿ ಜಿಜಾಬಾಯಿ ದೊಡ್ಡಿಯ ತಟ್ಟಿಬಾಗಿಲ ಹಗ್ಗ ಬಿಚ್ಚುತ್ತಾರೆ.

ರಾಜೇಶ್ವರಿ ಹುಮನಾಬಾದಿನಲ್ಲಿ ಬಿ.ಎಸ್ಸಿ ಮುಗಿಸಿದ ವರ್ಷವೇ ತಂದೆ ದೇವಿಂದ್ರಪ್ಪ ತೀರಿಕೊಂಡರು. ಹಿಂಡು ಮಗಳ ಪಾಲಿಗೆ ಬಂತು. ದೂರದೇಶದ ದೂರದರ್ಶಕಗಳು ತೆಗೆದ ಚಿತ್ರಗಳನ್ನು ಹವ್ಯಾಸಿಗಳಿಗೆ ಹಂಚುವ ಬಳಗವೊಂದಿದೆ ಎಂದು ತಿಳಿದದ್ದು ಕುರಿ ಮೇಯಿಸುತ್ತ ಮೊಬೈಲ್ ನೋಡುವಾಗ. ಲ್ಯಾಪ್‌ಟಾಪ್ ಸಿಕ್ಕಿದ್ದು ಹುಮನಾಬಾದಿನ ರಿಪೇರಿ ಅಂಗಡಿಯ ಅಜೀಮ್ ಹತ್ತಿರ, ಒಂದು ಟಗರಿಗೆ ಬದಲಾಗಿ. "ಟಗರು ಬಕ್ರೀದ್‌ಗೇ ಖತಂ ಆತ್ರಿ. ಲ್ಯಾಪ್‌ಟಾಪ್ ಇನ್ನೂ ಜಿಂದಾ ಅದ. ಫಾಯದಾ ಯಾರಿಗಾತು, ನೀವೇ ಹೇಳ್ರಿ," ಎಂದು ಅಜೀಮ್ ನಗುತ್ತಾರೆ.

ಈ ದೊಡ್ಡಿಯಲ್ಲಿ ಕುರಿ ಎಣಿಸುವುದಿಲ್ಲ, ಎಣಿಸಿದರೆ ದೃಷ್ಟಿಯಾಗುತ್ತದಂತೆ. ಸಂಜೆ ಹಿಂಡು ಒಳಬರುವಾಗ ಜಿಜಾಬಾಯಿ ಸುಮ್ಮನೆ ನೋಡುತ್ತ ನಿಂತು, ಬಾರದ ಕುರಿಯ ಹೆಸರು ಹಿಡಿದೇ "ಬಿಳಿಮೂಗಿ ಎಲ್ಲೈತಿ?" ಎಂದುಬಿಡುತ್ತಾರೆ. ಮಗಳ ವಿದ್ಯೆಯೂ ಅದೇ. "ಒಂದೊಂದ ಹುಡುಕಬಾರದ್ರಿ. ಎಲ್ಲಾನೂ ಒಮ್ಮಿಗೇ ನೋಡಬೇಕು. ಸರದಿದ್ದು ತಾನೇ ಕಾಣ್ತದ."

ಆದರೂ ಮೊದಲ ಸಲ ಎಡವಿದರು. ಚುಕ್ಕಿ ಸಿಕ್ಕ ದಿನವೇ ಊರಿಗೆ ಪೇಢೆ ಹಂಚಿ, ಅದಕ್ಕೆ ಅಪ್ಪನ ಹೆಸರಿಟ್ಟುಬಿಟ್ಟರು. ಕೆಲವು ವಾರಗಳಲ್ಲಿ ಉತ್ತರ ಬಂತು: ಅದು ಯಾರೋ ಎಂದೋ ಕಂಡು ಹೆಸರಿಟ್ಟಿದ್ದ ಕಲ್ಲು. "ಮಂದಿ ಕುರಿಗಿ ನಮ್ಮ ಗುರ್ತು ಹಾಕಿದಂಗಾತ್ರಿ," ಎಂದು ರಾಜೇಶ್ವರಿ ತಲೆ ತಗ್ಗಿಸುತ್ತಾರೆ. ಕಟ್ಟೆಯ ಮೇಲಿನವರು ಈಗಲೂ ಬಿಡುವುದಿಲ್ಲ: "ಏನವಾ, ಆ ಪೇಢೆ ವಾಪಸ್ ಕೊಡಬೇಕೇನು?"

ಜಿಜಾಬಾಯಿಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಮರಿ ಅಡವಿಯಿಂದ ತಾನಾಗಿ ದೊಡ್ಡಿಗೆ ಮರಳುವ ತನಕ ಅದಕ್ಕೆ ಹೆಸರಿಡಬಾರದು ಎಂಬುದು ಮನೆತನದ ರೂಢಿ.

ಹೋದ ವರ್ಷ ಸಿಕ್ಕ ಎರಡನೆಯ ಚುಕ್ಕಿ ಹೊಸದೇ ಇರಬೇಕೆಂದು ಬಳಗದವರು ತಿಳಿಸಿದ್ದಾರೆ. ಆದರೆ ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ಕಂಡು ಅದರ ದಾರಿ ಖಚಿತವಾಗಬೇಕು. ಆಮೇಲಷ್ಟೇ ಅದಕ್ಕೆ ಸಂಖ್ಯೆ, ಕಂಡವರಿಗೆ ಹೆಸರು ಸೂಚಿಸುವ ಹಕ್ಕು. "ಈಗ ಸೂರ್ಯನ ಆಕಡಿ ಹೋಗ್ಯದ. ದೀಪಾವಳಿ ಸುಮಾರಿಗಿ ಹೊರಗ ಬರಬೇಕು. ನನಗೇ ಕಾಣಲಿ ಅಂತಿಲ್ರಿ, ಯಾವ ದೇಶದವರಿಗಾದ್ರೂ ಕಂಡ್ರ ಸಾಕು. ಕಾಣಲಿಲ್ಲಂದ್ರ ಕಳದಂಗೇ."

ಬಿಸಿಲು ಏರುತ್ತಿದೆ. ಲ್ಯಾಪ್‌ಟಾಪ್ ಚೀಲ ಸೇರಿ, ಕೋಲು ಕೈಗೆ ಬಂದಿದೆ. ಹೆಸರು ಯೋಚಿಸಿದ್ದೀರಾ ಎಂದರೆ ರಾಜೇಶ್ವರಿ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತಾರೆ. ತಾಯಿಯೇ ಬಾಯಿ ಹಾಕುತ್ತಾರೆ:

"ನನಗ ಗೊತ್ತಿಲ್ಲೇನು? ಅದೇ ಹೆಸರು. ನಿಮ್ಮಪ್ಪ ಹ್ವಾದಾಂವ ಹೊಳ್ಳಿ ಬರಲಿಲ್ಲ. ಬರೋ ಚುಕ್ಕಿಗಿ ಅವನ ಹೆಸರ್ಯಾಕ ಬೇಕವಾ?"

ಮಗಳು ಹಿಂಡನ್ನು ದಾರಿಗೆ ಹಚ್ಚುತ್ತ, ತಿರುಗದೆಯೇ ಹೇಳುತ್ತಾರೆ: "ಅದಕ್ಕೇ ಯವ್ವಾ. ಹೆಸರಾದ್ರೂ ಹೊಳ್ಳಿ ಬರ್ಲಿ."