ಕುರ್ಡಿಯಿಂದ ತಂದ ಕಣಿಕೆ

ಎರಡನೇ ಮಹಾಯುದ್ಧ ನಡೆದಿದ್ದ ಕಾಲ. ನಾನು ರಾಯಚೂರಿನ ಸರ್ಕಾರಿ ಹೈನುಶಾಲೆಯೊಂದರಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಸೀಮೆಹಸುಗಳಿಗೆ ಮೇವು ಹೊರಗಿನಿಂದ ರೈಲಿನಲ್ಲಿ ಬರುತ್ತಿತ್ತು. ರೈಲೆಲ್ಲ ಫೌಜಿನ ಪಾಲಾದಾಗ, ‘ನಮ್ಮ ಜಿಲ್ಲೆಯ ಮೇವೇ ಸಾಕು, ಹಳ್ಳಿಗಳಿಂದ ತರಿಸೋಣ’ ಎಂದು ಸಾಹೇಬರಿಗೆ ಬರೆದುಕೊಟ್ಟವನು ನಾನೇ.

ಹುಕುಂ ಹಿಡಿದು, ಬಂಡಿ ಹೊಡೆಸಿಕೊಂಡು ಕುರ್ಡಿಗೆ ಹೋದೆ. ಊರಂಚಿನಲ್ಲಿ ದುರುಗವ್ವ ಎಂಬ ಮುದುಕಿ, ಕೊಯ್ಲಿನ ಕೂಲಿಗೆ ಸಿಕ್ಕ ಜೋಳದ ಒಣದಂಟು, ಆ ಕಣಿಕೆಯನ್ನು ಗುಡಿಸಲ ಪಕ್ಕ ಒಟ್ಟಿದ್ದಳು. ಆಳುಗಳು ಅದನ್ನೂ ಹೇರತೊಡಗಿದರು.

“ಯವ್ವಾ, ಹೊರಗಿನ ಮೇವು ನಿಂತದ. ಇನ್ನ ನಮ್ಮ ಜಿಲ್ಲಾದ ದನಕ್ಕ ನಮ್ಮ ಜಿಲ್ಲಾದ ಮೇವು ಅಂತ ಹುಕುಂ ಆಗ್ಯದ” ಎಂದೆ.

“ಹಂಗಾದ್ರ ನನ್ನೆಮ್ಮಿ ಯಾವ ಜಿಲ್ಲಾದ್ದರೀ ಯಪ್ಪಾ?”

ನಾನು ಬಂಡಿ ಹೊರಡಿಸಿದೆ. ಅವಳು ಎಮ್ಮೆ ಬಿಚ್ಚಿಕೊಂಡು ಬಂಡಿಯ ಹಿಂದೆಯೇ ರಾಯಚೂರಿನವರೆಗೆ ನಡೆದು ಬಂದಳು.

“ಇದರ ಮೇವು ಒಳಗ ಹೋತು. ಇದನ್ನೂ ಒಳಗ ಕಟ್ಕೊರ್ರಿ” ಎಂದು ಗೇಟಿನಲ್ಲಿ ನಿಂತಳು.

ನಾಡ ಎಮ್ಮೆಗೆ ಕಾಯ್ದೆಯಲ್ಲಿ ಜಾಗವಿಲ್ಲ ಎಂದರು ಸಾಹೇಬರು. ಅವಳು ಹಗ್ಗವನ್ನು ಗೇಟಿಗೇ ಬಿಗಿದು, ಎಮ್ಮೆಯ ಬೆನ್ನು ಸವರಿ ಹೊರಟುಹೋದಳು. ‘ವಾರಸುದಾರರಿಲ್ಲದ ದನ’ ಎಂದು ಬರೆದು ಅದನ್ನು ಕೊಂಡವಾಡದ ದೊಡ್ಡಿಗೆ ಹೊಡೆಸಿದೆ. ಅಲ್ಲಿ ಹರಾಜಾಯಿತು. ಅವಳ ಹೆಸರೂ ಊರೂ ನನಗೆ ಗೊತ್ತಿದ್ದವು.

ಕೆಲವು ದಿನಗಳಲ್ಲಿ, ಜಿಲ್ಲೆಯ ಮೇವು ಕೂಡಿಸಿದ್ದಕ್ಕೆ ನನಗೆ ಸರ್ಕಾರದಿಂದ ಉರ್ದುವಿನಲ್ಲಿ ಮೆಚ್ಚುಗೆಯ ಕಾಗದ ಬಂತು. “ಏನ್ ಬರದಾರ್ರೀ?” ಎಂದು ಹೆಂಡತಿ ಆಸೆಯಿಂದ ಕೇಳಿದಳು. ದಿನವಿಡೀ ಕಚೇರಿಯಲ್ಲಿ ಉರ್ದುವನ್ನೇ ಬರೆಯುವ ನಾನು, ಓದಲು ಬರುವುದಿಲ್ಲ ಎಂದುಬಿಟ್ಟೆ.