ಹುಣಸೆಹಣ್ಣಿಗೆ ಸಿಕ್ಕ ಪ್ರಶಸ್ತಿ

ಇವತ್ತು ಬೆಳಿಗ್ಗೆ ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಉಜ್ಜುತ್ತಿದ್ದೆ. ಹುಳಿ ತಗುಲಿದ ಹಿತ್ತಾಳೆಯಿಂದ ಒಂದು ವಾಸನೆ ಏಳುತ್ತದಲ್ಲ, ನಾಲಗೆಯ ಅಂಚಿಗೆ ಬಂದು ಕೂರುವಂಥದ್ದು, ಅದು ಮೂಗಿಗೆ ಬಡಿದ ಕೂಡಲೇ ಪಕ್ಕದ ಮನೆಯ ಬ್ಯಾಂಡ್ ಮೇಷ್ಟ್ರು ನೆನಪಾದರು. ಹೀಗೆ ಬರೆದ ಮೇಲೆ ನನಗೇ ಅನುಮಾನ. ದೀಪ ಕೈಗೆತ್ತಿಕೊಳ್ಳುವ ಮುಂಚೆ ಫೋನಿನಲ್ಲಿ ಈ ವರ್ಷದ ಜಾಝ್, ಬ್ಲೂಸ್ ಪ್ರಶಸ್ತಿಗಳ ಪಟ್ಟಿ, ಹೊಸ ಆಲ್ಬಂಗಳ ಸುದ್ದಿ ಓದಿದ್ದೆ. ಬಹುಶಃ ಮೇಷ್ಟ್ರು ಆಗಲೇ ಬಂದು ಕೂತಿದ್ದರು. ವಾಸನೆ ಆಮೇಲೆ ಸೇರಿಕೊಂಡಿತು...

ಆಗ ನಾವು ನಂಜನಗೂಡಿನಲ್ಲಿದ್ದೆವು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಕಾಯುತ್ತಿದ್ದೆ. ಮೇಷ್ಟ್ರದು ಮದುವೆ ಬ್ಯಾಂಡು. ಪೇಟೆಯಲ್ಲಿ ಸಣ್ಣ ಅಂಗಡಿ, ಬಾಗಿಲಿಗೆ ತೂಗುಹಾಕಿದ ಡ್ರಮ್ಮು, ಒಳಗೆ ಮೊಳೆಗೆ ನೇತುಬಿದ್ದ ಕೆಂಪು ಕೋಟುಗಳು. ಮದುವೆಗಳಲ್ಲಿ ಅವರು ಸ್ಯಾಕ್ಸೋಫೋನ್ ನುಡಿಸುತ್ತಿದ್ದರು, ಆದರೆ ಜೀವವೆಲ್ಲ ಒಂದು ಹಳೇ ಕ್ಯಾಸೆಟ್ಟಿನಲ್ಲಿತ್ತು. ಮೈಸೂರಿನ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಮೇಲಿನ ಕಾಗದ ಹರಿದುಹೋಗಿತ್ತು, ನುಡಿಸಿದವನು ಯಾರೆಂದು ತಿಳಿಯದು. 'ಇದು ಬ್ಲೂಸ್' ಎಂದು ಗುಜರಿಯವನು ಹೇಳಿದ್ದನಂತೆ. ಆ ಸ್ಯಾಕ್ಸೋಫೋನು ಹಾಡುವುದಕ್ಕಿಂತ ನರಳುವುದೇ ಹೆಚ್ಚು. ನರಳುತ್ತಲೇ ಯಾರನ್ನೋ ಗೇಲಿ ಮಾಡುವಂತೆಯೂ ಇರುತ್ತಿತ್ತು.

ಅವನನ್ನು ಹುಡುಕಲೆಂದೇ ಮೇಷ್ಟ್ರು ಇಂಗ್ಲಿಷ್ ಪೇಪರುಗಳಲ್ಲಿ ಸ್ಯಾಕ್ಸೋಫೋನಿನ ಚಿತ್ರ ಕಂಡಲ್ಲೆಲ್ಲ ಕತ್ತರಿಸಿ ತರುತ್ತಿದ್ದರು. ಅವರಿಗೆ ಇಂಗ್ಲಿಷ್ ಬರದು. "ಓದು ಕೂಸೇ" ಎಂದು ನಮ್ಮ ಜಗಲಿಯಲ್ಲಿ ಕೂರುತ್ತಿದ್ದರು. ಯಾರಿಗೆ ಪ್ರಶಸ್ತಿ ಬಂತು, ಯಾರ ಹೊಸ ಆಲ್ಬಂ ಹೊರಬಂತು, ನಾನು ಓದಿ ಕನ್ನಡದಲ್ಲಿ ಹೇಳಬೇಕು. ಗೊತ್ತಾಗದ ಕಡೆ ನಾನೇ ಕಟ್ಟಿ ಸೇರಿಸುತ್ತಿದ್ದೆ, ಈಗ ಒಪ್ಪಿಕೊಳ್ಳುತ್ತೇನೆ. ಅವರು ಚಿತ್ರವನ್ನು ಬೆಳಕಿಗೆ ಹಿಡಿದು, "ಕೆನ್ನೆ ನೋಡು ಇವಂದು. ಇವ್ನೇ ಇರ್ಬೋದು ಕಣವ್ವ" ಎನ್ನುತ್ತಿದ್ದರು. ಪ್ರತಿ ಸಲವೂ ಹೊಸಬ ಒಬ್ಬ 'ಇವನೇ' ಆಗುತ್ತಿದ್ದ.

ಆಷಾಢದಲ್ಲಿ ಮದುವೆಗಳಿಲ್ಲ, ಬ್ಯಾಂಡಿನವರಿಗೆ ಕೆಲಸವಿಲ್ಲ. ಆಗ ಅಂಗಡಿಯಲ್ಲೇ ಪ್ರಶಸ್ತಿ ಸಮಾರಂಭ ನಡೆಯುತ್ತಿತ್ತು. ವರ್ಷವಿಡೀ ಕೂಡಿಟ್ಟ ಪೇಪರ್ ತುಂಡುಗಳನ್ನು ಬೆಂಚಿನ ಮೇಲೆ ಹರಡಿ ಮೇಷ್ಟ್ರು, ಬ್ಯಾಂಡಿನಲ್ಲಿ ಡ್ರಮ್ಮು ಬಾರಿಸುವ ಡ್ರಮ್ಮಣ್ಣ, ನಾನು, ಅಮ್ಮ ಕೂರುತ್ತಿದ್ದೆವು. ಒಂದನ್ನೂ ಕೇಳದೆ ವರ್ಷದ ಅತ್ಯುತ್ತಮ ಆಲ್ಬಂ ಆರಿಸುತ್ತಿದ್ದೆವು. ಬಹುಮಾನ ಒಂದು ಚಿಪ್ಪು ರಸಬಾಳೆ. ಗೆದ್ದವನು ಅಮೆರಿಕದಲ್ಲೋ ಇನ್ನೆಲ್ಲೋ ಇರುತ್ತಿದ್ದನಾದ್ದರಿಂದ ಅವನ ಪರವಾಗಿ ನಾವೇ ಸುಲಿದು ತಿನ್ನುತ್ತಿದ್ದೆವು. ಒಂದೇ ಒಂದು ಕಾನೂನಿತ್ತು. ನಮ್ಮವರಿಗೆ ಕೊಡುವಂತಿಲ್ಲ, ಪ್ರಶಸ್ತಿ ದೂರದವರಿಗೇ ಹೋಗಬೇಕು. "ನಮ್ದಕ್ಕೆ ನಾವೇ ಕೊಟ್ಕಂಡ್ರೆ ಅದು ಪ್ರಶಸ್ತಿ ಅಲ್ಲ ಕಣ್ಲಾ, ಬರೀ ಬಾಳೆಣ್ಣು" ಎನ್ನುತ್ತಿದ್ದರು ಮೇಷ್ಟ್ರು.

ಒಂದು ವರ್ಷ ಅವರ ಪಾಲಿಗೂ ಒಂದು ಆಲ್ಬಂ ಬಂತು. ಅವರು ಯಾರ ಮದುವೆಗೆ ನುಡಿಸಿದ್ದರೋ ಆ ಮದುಮಗನೇ ಮೈಸೂರಿನಲ್ಲಿ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ. ಒಂದು ಭಾನುವಾರ ಪೂರ್ತಿ ನಿಮಗೇ ಬಿಡುತ್ತೇನೆ ಎಂದಿದ್ದ. ಒಂದೇ ಭಾನುವಾರ, ಮತ್ತೆ ಸಿಗುವಂಥದ್ದಲ್ಲ. ಹಿಂದಿನ ದಿನ ಮೇಷ್ಟ್ರ ಮನೆಗೆ ಸುಣ್ಣ ಬಳಿಯುತ್ತಿದ್ದರು. ಧೂಳು ಬೀಳದಿರಲೆಂದು ಸ್ಯಾಕ್ಸೋಫೋನನ್ನು ನಮ್ಮ ಮನೆಯಲ್ಲಿಟ್ಟು ಹೋದರು.

ನಾವು ಅದನ್ನು ತೊಳೆದೆವು.

ತೊಳೆದದ್ದು ಅಮ್ಮನೋ ನಾನೋ ಎಂಬುದು ಇವತ್ತಿಗೂ ತೀರ್ಮಾನವಾಗಿಲ್ಲ. ನನ್ನ ಕಣ್ಣಿಗೆ ಕಟ್ಟಿರುವುದು ಬಚ್ಚಲ ಕಲ್ಲಿನ ಮೇಲೆ ಮಗುವಿನಂತೆ ಮಲಗಿದ್ದ ವಾದ್ಯ, ಕಂದು ನೊರೆ, ಎರಡು ಕೈ. ಕೈಯಲ್ಲಿ ಬಳೆಗಳಿವೆ. ಆದರೆ ಆಗ ನಾನೂ ಬಳೆ ತೊಡುತ್ತಿದ್ದೆ. ಉದ್ದೇಶವಂತೂ ಒಳ್ಳೆಯದೇ: ಹಿತ್ತಾಳೆ ಎಂದರೆ ಹುಣಸೆಹಣ್ಣು, ಬೂದಿ. ಆಲ್ಬಮ್ಮಿನ ಮೇಲೆ ಫೋಟೋ ಬರುತ್ತದೆ, ದೇವರ ದೀಪದ ಹಾಗೆ ಹೊಳೆಯಬೇಡವೇ? ಹೊಳೆಯಿತು ಕೂಡ. ಅದರ ತೂತುಗಳನ್ನು ಮುಚ್ಚಲು ಚರ್ಮದ ಬಿಲ್ಲೆಗಳಿರುತ್ತವೆ, ಅವು ನೀರು ಕುಡಿದರೆ ಊದಿ ಗಾಳಿ ಸೋರುತ್ತದೆ ಎಂದು ನಮಗೆ ಯಾರು ಹೇಳಿದ್ದರು?

ಬೆಳಿಗ್ಗೆ ಮೇಷ್ಟ್ರು ಬಂದು ನೋಡಿದರು. ಒಂದು ಬಿಲ್ಲೆಯನ್ನು ಬೆರಳಿನಿಂದ ಒತ್ತಿದರು. ಪಿಚ್ಚೆಂದು ನೀರು ಬಂತು.

"ಯಾರಕ್ಕ ತೊಳ್ದದ್ದು?"

"ಇವಳು ಕಣ್ರೀ ಮೇಷ್ಟ್ರೇ" ಎಂದಳು ಅಮ್ಮ.

"ಅಮ್ಮ" ಎಂದೆ ನಾನು. ಎರಡೂ ಉತ್ತರ ಒಟ್ಟಿಗೇ ಬಿದ್ದವು.

ಅವರು ಬೈಯದೆ, ವಾದ್ಯವನ್ನು ಹಾಗೇ ಬಗಲಿಗೇರಿಸಿಕೊಂಡು ಹೊರಟರು. ಅದಕ್ಕೇ ನಾವಿಬ್ಬರೂ ಬಸ್ಸಿನಲ್ಲಿ ಅವರ ಜೊತೆಗೇ ಹೋದೆವು. ದಾರಿಯುದ್ದಕ್ಕೂ ಅಮ್ಮ ತನ್ನ ಸೆರಗಿನಿಂದ ಒಂದೊಂದೇ ಬಿಲ್ಲೆ ಒರೆಸುತ್ತಿದ್ದಳು. ಡ್ರಮ್ಮಣ್ಣ ಮಾತ್ರ, "ಸೀಗೆಪುಡಿ ಮರ್ತ್‌ಬುಟ್ರಾ ಅಕ್ಕಾ? ತಲೆಗೂ ಆಕ್ಬೋದಾಗಿತ್ತು" ಎಂದು ಕೆಣಕುತ್ತಲೇ ಇದ್ದ.

ಸ್ಟುಡಿಯೋದಲ್ಲಿ ಮೇಷ್ಟ್ರು ಊದಿದರು. ಮೇಲಿನ ಸ್ವರಗಳು ಹೇಗೋ ಬಂದವು. ಕೆಳಗಿನವು ಬಾಯಿಬಿಡಲಿಲ್ಲ. ಬರೀ ಉಸಿರು, ಅದರ ಹಿಂದೆ ಒಂದು ಗೊಗ್ಗರು ದನಿ. ಸ್ಟುಡಿಯೋದವನು ಗಾಜಿನಾಚೆಯಿಂದ ಕೈಯಾಡಿಸಿ, ಆಗಲ್ಲ ಎಂದ. ಅಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಮೇಷ್ಟ್ರು ಕಣ್ಣುಮುಚ್ಚಿಕೊಂಡರು. ಆಮೇಲೆ ಮತ್ತೆ ಊದಿದರು, ಈ ಸಲ ತೀರಾ ನಿಧಾನ. ಎಲ್ಲಿ ಸೋರುತ್ತಿತ್ತೋ ಅಲ್ಲಿಗೇ ಬೇಕೆಂದೇ ಮರಳಿ ಮರಳಿ ಹೋದರು, ಹಲ್ಲುನೋವಿದ್ದ ಕಡೆಗೇ ನಾಲಗೆ ಹೋಗುವ ಹಾಗೆ. ನರಳಿಕೆ ಬಂತು. ನರಳಿಕೆಯೊಳಗೆ ನಗುವೂ ಬಂತು.

ನಿಲ್ಲಿಸಿ, ಬೆವರೊರೆಸಿಕೊಂಡು, ಅಮ್ಮನ ಕಡೆ ನೋಡಿ ಹೇಳಿದರು: "ಇಷ್ಟ್ ವರ್ಸ ಇಂಗೆ ಊದ್ದೆ, ಅಂಗೆ ಊದ್ದೆ, ಆ ದನಿ ಬರ್ನಿಲ್ಲ. ಈಗ್ ಗೊತ್ತಾಯ್ತು ಕಣಕ್ಕ. ಆ ಕ್ಯಾಸೆಟ್ನೋನ್ ಮನೇಲೂ ಯಾರೋ ತೊಳ್ದ್‌ಬುಟ್ಟವ್ರೆ!"

ಇದು ಇಷ್ಟು ಚೆನ್ನಾಗಿ ಕೂಡಿಬಂದದ್ದು ನಿಜವೇ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವತ್ತು ಮುದ್ರಿಸಿದ ಆ ಸಿ.ಡಿ.ಯಲ್ಲಿ ಏಳು ಹಾಡುಗಳಿವೆ. ಮೂರು ಕೇಳುವ ಹಾಗಿಲ್ಲ. ಅದನ್ನೂ ಹೇಳಬೇಕು. ಉಳಿದ ನಾಲ್ಕನ್ನು ಹಾಕಿದರೆ ಇವತ್ತಿಗೂ ನನ್ನ ಕೈಕೆಲಸ ನಿಲ್ಲುತ್ತದೆ.

ಬಿಡುಗಡೆ ಆದದ್ದು ಟಿ. ನರಸೀಪುರದ ಒಂದು ಮದುವೆಯಲ್ಲಿ, ಧಾರೆ ಮುಗಿದು ಊಟದ ಎಲೆ ಹಾಕುವ ನಡುವೆ. ಮದುಮಕ್ಕಳೇ ಸಿ.ಡಿ. ಕಟ್ಟಿನ ದಾರ ಬಿಚ್ಚಿದರು. ಜನ ಅದನ್ನು ತಾಂಬೂಲದ ಜೊತೆ ಕೊಡುವ ಉಡುಗೊರೆ ಎಂದುಕೊಂಡು ತೆಂಗಿನಕಾಯಿಯ ಚೀಲಕ್ಕೇ ಹಾಕಿಕೊಂಡು ಹೋದರು. ಒಂದು ಗಂಟೆಯಲ್ಲಿ ಎಲ್ಲ ಖಾಲಿ. ತಿಂಗಳ ಮೇಲೆ ಹೆಡತಲೆ ಎಂಬ ಹಳ್ಳಿಯ ಒಂದು ಹೊಲದಲ್ಲಿ ಹಕ್ಕಿ ಬೆದರಿಸಲು ಅದೇ ಸಿ.ಡಿ. ದಾರದಲ್ಲಿ ತೂಗುತ್ತಿತ್ತು. ಡ್ರಮ್ಮಣ್ಣ ಕೆಂಡವಾದ. ಮೇಷ್ಟ್ರು, "ಗಿಣಿಗಳಿಗಾದ್ರೂ ತಲುಪ್ತಲ್ಲ, ಬುಡ್ಲಾ" ಎಂದರು.

ಆ ಆಷಾಢದಲ್ಲಿ ಅವರ ಆಲ್ಬಂ ಬೆಂಚಿನ ಮೇಲೆ ಇತ್ತು. ಅದನ್ನು ತಂದಿಟ್ಟವನು ಡ್ರಮ್ಮಣ್ಣ. "ನಾವ್ ಕೇಳಿರೋದು ಇದೊಂದೇ. ಇದಕ್ಕೇ ಕೊಡ್ಬೇಕು" ಎಂದು ಹಟ ಹಿಡಿದ. ಮೇಷ್ಟ್ರು ಅದನ್ನು ದೃಷ್ಟಿಯಿಟ್ಟು ನೋಡುತ್ತಿದ್ದರು. ಬೇಕಿತ್ತು ಅವರಿಗೆ. ಯಾವತ್ತೂ ಏನನ್ನೂ ಕೇಳದವರಿಗೆ ಅದು ಬೇಕಿತ್ತು... ಕಾನೂನು ಮುರಿಯೋಣ ಎಂದು ನಾನೂ ಅಂದೆ. ಅವರು ಸಿ.ಡಿ.ಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಆಲ್ಬಂ ಪ್ರಶಸ್ತಿಯನ್ನು ಎಲ್ಲೋ ದೂರದ ಒಬ್ಬ ಪಿಯಾನೋ ನುಡಿಸುವ ಹೆಂಗಸಿಗೆ ಕೊಟ್ಟರು. ಆಮೇಲೆ ಚೀಲದಿಂದ ಇನ್ನೊಂದು ಚಿಪ್ಪು ತೆಗೆದರು.

"ಈ ವರ್ಸ ನಾದಕ್ಕೆ ಬ್ಯಾರೆ ಪ್ರಶಸ್ತಿ. ಅದು ಉಣ್ಸೆಣ್ಣಿಗೆ. ತೊಳ್ದೋರು ಎದ್ದು ಬಂದು ಈಸ್ಕಳಿ."

ನಾನು ಏಳುವಷ್ಟರಲ್ಲಿ ಅಮ್ಮ ಎದ್ದಾಗಿತ್ತು. "ನಾನೇ ಮೇಷ್ಟ್ರೇ, ಇವಳಿಗೆ ಪಾತ್ರೆ ಉಜ್ಜೋಕೆ ಬಂದಿದ್ದರೆ ಇನ್ನೇನು!" ಎಂದು ಎರಡೂ ಕೈಚಾಚಿ ಇಸಿದುಕೊಂಡಳು. ಡ್ರಮ್ಮಣ್ಣ ಡ್ರಮ್ಮು ಬಾರಿಸಿದ.

ಮೇಷ್ಟ್ರು ಹೋಗಿ ಬಹಳ ವರ್ಷವಾಯಿತು. ನನಗೆ ಟಿ. ನರಸೀಪುರದಲ್ಲಿ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದ ಮೇಲೆ, ಒಂದು ಆಷಾಢದಲ್ಲಿ ಸುದ್ದಿ ಬಂತು. ಆಷಾಢವೇ ಹೌದೋ, ನಾನು ಹಾಗೆ ಜೋಡಿಸಿಕೊಂಡಿದ್ದೇನೋ... ಕ್ಯಾಸೆಟ್ಟಿನವನು ಯಾರೆಂದು ತಿಳಿಯಲೇ ಇಲ್ಲ.

ಇವತ್ತು ದೀಪ ಒರೆಸಿಟ್ಟು, ಫೋನಿನಲ್ಲಿದ್ದ ಪ್ರಶಸ್ತಿ ಪಟ್ಟಿಯನ್ನು ಅಮ್ಮನಿಗೆ ಓದಿ ಹೇಳಿದೆ. ಕಟ್ಟಿ ಸೇರಿಸದೆ, ಇದ್ದದ್ದಷ್ಟನ್ನೇ. ಒಬ್ಬ ಮುದುಕ ಸ್ಯಾಕ್ಸೋಫೋನ್ ಹಿಡಿದು ನಿಂತ ಚಿತ್ರವಿತ್ತು. ತೋರಿಸಿದೆ. ಅಮ್ಮ ಕನ್ನಡಕ ಏರಿಸಿ, "ಕೆನ್ನೆ ಸಾಲದು" ಎಂದಳು. "ಮೇಷ್ಟ್ರದ್ದೇ ಹಾಕು, ಕೇಳೋಣ. ಈ ಸಲದ ಪ್ರಶಸ್ತಿ ಅವರಿಗೇ."

"ನಮ್ಮವರಿಗೆ ಕೊಡೋ ಹಾಗಿಲ್ಲಮ್ಮ."

"ಈಗ ಅವರೂ ದೂರದವರೇ ಅಲ್ಲವೇನೇ?"

ರಸಬಾಳೆ ಈಗ ಪೇಟೆಯಲ್ಲಿ ಸಿಗುವುದು ಅಪರೂಪ. ಮನೆಯಲ್ಲಿದ್ದದ್ದು ಏಲಕ್ಕಿ ಬಾಳೆ. ನಾಲ್ಕನೆಯ ಹಾಡು ಹಾಕಿದೆ. ಅಮ್ಮ ಚಿಪ್ಪನ್ನು ದೀಪದ ಪಕ್ಕಕ್ಕಿಟ್ಟು ಒಂದು ಕ್ಷಣ ಬಾಗಿಲ ಕಡೆ ನೋಡಿದಳು. ಗೆದ್ದವರು ಬರಲಿಲ್ಲ. ಅವರ ಪರವಾಗಿ ನಾವೇ ಸುಲಿದು ತಿಂದೆವು.